ಮಲೆನಾಡಿಗೆ ಮದ್ದು, ಮಂಡ್ಯಕ್ಕೆ ಸಕ್ಕರೆ: ಡಾ. ಲೆಸ್ಲಿ ಕೋಲ್ಮನ್

ಕೆ. ಹೊಸಕೋಟೆ (ಹಾಸನ ಜಿಲ್ಲೆ): ಆರಿದ್ರಾ ಮಳೆ ಹಿಡಿದರೆ ಆಲೂರು, ಸಕಲೇಶಪುರದ ಗುಡ್ಡಗಳಲ್ಲಿ ಬೆಳೆಗಾರರ ಕಣ್ಣು ಆಕಾಶದ ಮೇಲೆಯೇ ಇರುತ್ತದೆ. ಮಳೆ ಒಂದೆರಡು ದಿನ ಬಿಡುವು ಕೊಟ್ಟರೆ ಸಾಕು, ಮೈಲುತುತ್ತ ಮತ್ತು ಸುಣ್ಣ ಬೆರೆತ ನೀಲಿ ದ್ರಾವಣ ತೋಟಗಳಿಗೆ ಹೊರಡುತ್ತದೆ. ಅಡಿಕೆಗೆ ಕೊಳೆರೋಗ, ಕಾಫಿಗೆ ಎಲೆತುಕ್ಕು, ಮೆಣಸಿಗೆ ಸೊರಗು ರೋಗ, ಆಲೂಗಡ್ಡೆಗೆ ಅಂಗಮಾರಿ. ಈ ಎಲ್ಲ ಭಯಗಳಿಗೂ ಕೆಂಚಮ್ಮನ ಹೊಸಕೋಟೆಯ ಸುತ್ತಲಿನ ರೈತ ನಂಬಿರುವುದು ಬೋರ್ಡೋ ಎಂಬ ಆ ಒಂದು ದ್ರಾವಣವನ್ನೇ. ಅಂತಹ ಹೊತ್ತಿನಲ್ಲಿ ಬೆನ್ನಿಗೇರಿಸಿದ ಪವರ್ ಸ್ಪ್ರೇಯರ್ ಚಾಲೂ ಆಗದೆ ಮುಷ್ಕರ ಹೂಡಿದರೆ ಕಳೆದುಹೋಗುವುದು ಒಂದು ದಿನದ ಕೂಲಿ ಮಾತ್ರವಲ್ಲ; ಕೆಲವೊಮ್ಮೆ ಇಡೀ ವರ್ಷದ ಫಸಲು.

ಈಚಿನ ವರ್ಷಗಳಲ್ಲಿ ಸಣ್ಣ ಎಂಜಿನ್‌ಗಳ ಇಂತಹ ಮುಷ್ಕರಕ್ಕೆ ಹೊಸ ಕಾರಣವೊಂದು ಸೇರಿಕೊಂಡಿದೆ. ಅದು ಪೆಟ್ರೋಲಿನೊಳಗಿನ ಎಥೆನಾಲ್, ಅಂದರೆ ಮದ್ಯಸಾರ. ತಿಂಗಳುಗಟ್ಟಲೆ ಮೂಲೆಯಲ್ಲಿ ಕುಳಿತಿರುವ ಸ್ಪ್ರೇಯರ್, ಕಳೆ ಕೊಚ್ಚುವ ಯಂತ್ರ, ಮರ ಕೊಯ್ಯುವ ಗರಗಸ ಇವುಗಳ ಟ್ಯಾಂಕಿನಲ್ಲಿ ಉಳಿದ ಎಥೆನಾಲ್ ಮಿಶ್ರಿತ ಪೆಟ್ರೋಲ್ ಮಲೆನಾಡಿನ ತೇವವನ್ನು ಹೀರಿಕೊಂಡು ಕೆಡುತ್ತದೆ. ಸಣ್ಣ ಎಂಜಿನ್‌ಗಳಿಗೆ ಎಥೆನಾಲ್ ಇಲ್ಲದ ಪೆಟ್ರೋಲ್ ಸಿಗುವಂತಿದ್ದರೆ ಎಂಬ ಹಂಬಲ ಹುಟ್ಟುವುದು ಇಲ್ಲಿಂದ.

ಕುತೂಹಲದ ಸಂಗತಿಯೆಂದರೆ, ಮಲೆನಾಡಿನ ತೋಟಕ್ಕೆ ಸಿಂಪಡಣೆಯನ್ನು ತಂದದ್ದು ಮತ್ತು ಮಂಡ್ಯದ ಬಯಲಿಗೆ ಸಕ್ಕರೆ ಕಾರ್ಖಾನೆಯನ್ನು ತಂದದ್ದು ಒಬ್ಬರೇ ವ್ಯಕ್ತಿ. ಒಂದು ಕೈಯಿಂದ ಅವರು ರೈತನಿಗೆ ಪಂಪು ಹಿಡಿಸಿದರು. ಇನ್ನೊಂದು ಕೈಯಿಂದ ನೆಟ್ಟ ಕಬ್ಬಿನ ಉದ್ಯಮದ ಕಾಕಂಬಿ ಮುಂದೆ ಮೋಟಾರಿನ ಇಂಧನವಾಯಿತು. ಆ ಎರಡು ದಾರಿಗಳು ಸುಮಾರು ಒಂದು ಶತಮಾನದ ತರುವಾಯ ತೋಟದ ಮೂಲೆಯ ಪುಟ್ಟ ಕಾರ್ಬ್ಯುರೇಟರಿನಲ್ಲಿ ಸಂಧಿಸಿವೆ. ಮೈಸೂರು ಸಂಸ್ಥಾನದ ಪ್ರಥಮ ಕೃಷಿ ನಿರ್ದೇಶಕ ಡಾ. ಲೆಸ್ಲಿ ಕೋಲ್ಮನ್ ಅವರ ಬದುಕನ್ನು ಇಂದು ಮತ್ತೆ ನೆನೆಯಲು ಇದಕ್ಕಿಂತ ಸಕಾಲ ಇನ್ನೊಂದಿಲ್ಲ.

ಕೆನಡಾದಿಂದ ಮೈಸೂರಿಗೆ

ಲೆಸ್ಲಿ ಚಾರ್ಲ್ಸ್ ಕೋಲ್ಮನ್ ಜನಿಸಿದ್ದು 1878ರ ಜೂನ್ 16ರಂದು, ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ. ಟೊರಾಂಟೋ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದ ಅವರು ಹೆಚ್ಚಿನ ವ್ಯಾಸಂಗಕ್ಕೆ ಜರ್ಮನಿಯ ಗಟ್ಟಿಂಗೆನ್‌ಗೆ ತೆರಳಿ, ಮಣ್ಣಿನ ಸೂಕ್ಷ್ಮಜೀವಿಗಳನ್ನು ಕುರಿತ ಅಧ್ಯಯನಕ್ಕೆ ಡಾಕ್ಟರೇಟ್ ಗಳಿಸಿದರು. ಮಣ್ಣು, ಬೂಷ್ಟು, ಕೀಟ ಈ ಮೂರರ ನಡುವಿನ ಸಂಬಂಧವೇ ಮುಂದೆ ಅವರ ಬದುಕಿನ ಕಾಯಕವಾಯಿತು.

1908ರಲ್ಲಿ ಮೈಸೂರು ಸರ್ಕಾರ ಅವರನ್ನು ಶಿಲೀಂಧ್ರಶಾಸ್ತ್ರಜ್ಞ ಹಾಗೂ ಕೀಟಶಾಸ್ತ್ರಜ್ಞರ ಹುದ್ದೆಗೆ ನೇಮಿಸಿಕೊಂಡಿತು. ಆಗ ಅವರಿಗೆ ಮೂವತ್ತು ವರ್ಷ. ಆ ವೇಳೆಗೆ ಸಂಸ್ಥಾನದಲ್ಲಿ ವೈಜ್ಞಾನಿಕ ಕೃಷಿಗೆ ಒಂದು ತಳಪಾಯ ಬಿದ್ದಿತ್ತು. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1899ರಲ್ಲಿ ಬೆಂಗಳೂರು ಸಮೀಪದ ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಕೃಷಿ ಸಂಶೋಧನೆಗೆಂದು ನೀಡಿದ್ದರು. ಡಾ. ಲೆಹ್ಮನ್ ಅಲ್ಲಿ ಮಣ್ಣು ಮತ್ತು ಗೊಬ್ಬರದ ಪ್ರಯೋಗಗಳನ್ನು ಆರಂಭಿಸಿದ್ದರು. ಆ ತಳಪಾಯದ ಮೇಲೆ ಕಟ್ಟಡ ಎಬ್ಬಿಸುವ ಹೊಣೆ ಕೋಲ್ಮನ್ ಅವರ ಪಾಲಿಗೆ ಬಂತು.

ಆರಂಭದ ದಿನಗಳಲ್ಲಿ ಅವರ ಗಮನ ಸೆಳೆದ ಜೀವಿಗಳಲ್ಲಿ ಜೋಳದ ಹೊಲಗಳನ್ನು ಮೇಯುತ್ತಿದ್ದ ರೆಕ್ಕೆಯಿಲ್ಲದ ಮಿಡತೆಯೂ ಒಂದು. ಕೋಲ್ಮನ್ ಅದರ ಜೀವನಚಕ್ರವನ್ನು ಅಭ್ಯಸಿಸಿದರು. ಸ್ಪೇನಿನ ಕೀಟತಜ್ಞ ಬೊಲಿವಾರ್ 1910ರಲ್ಲಿ ಆ ಮಿಡತೆಗೆ ಕೋಲ್ಮೇನಿಯಾ ಎಂಬ ಕುಲನಾಮವನ್ನೇ ಇಟ್ಟರು. ಜೋಳದ ಶತ್ರುವಿನ ಹೆಸರಿನಲ್ಲಿ ಜೋಳದ ಮಿತ್ರನ ಹೆಸರು ಹೀಗೆ ಶಾಶ್ವತವಾಯಿತು.

ಕೊಳೆರೋಗದ ಬೆನ್ನು ಹತ್ತಿ

ಆದರೆ ಕೋಲ್ಮನ್ ಅವರನ್ನು ಮಲೆನಾಡಿನ ಮನೆಮಾತಾಗಿಸಿದ್ದು ಮಿಡತೆಯಲ್ಲ, ಅಡಿಕೆಯ ಕೊಳೆ. ಮಳೆಗಾಲದಲ್ಲಿ ಎಳೆಯ ಅಡಿಕೆಕಾಯಿಗಳ ಮೇಲೆ ನೀರು ತುಂಬಿದಂತಹ ಕಲೆ ಮೂಡಿ, ಬಿಳಿಯ ಬೂಷ್ಟು ಹಬ್ಬಿ, ನೋಡನೋಡುತ್ತಿದ್ದಂತೆಯೇ ಗೊನೆಗೊನೆಗಳೇ ಕಳಚಿ ಬೀಳುವ ರೋಗವದು. ಕರಾವಳಿಯಲ್ಲಿ ಇದಕ್ಕೆ ಮಹಾಳಿ ಎಂದೂ ಹೆಸರುಂಟು. ಒಂದು ಕೆಟ್ಟ ಮಳೆಗಾಲ ಬೆಳೆಗಾರನ ಸಂಸಾರವನ್ನು ಸಾಲದ ಬಾವಿಗೆ ನೂಕುತ್ತಿತ್ತು. ಅಂದಿನ ರೈತರಿಗೆ ಗೊತ್ತಿದ್ದ ಉಪಾಯ ಒಂದೇ. ಕೊನೆಗಾರರು ಮರ ಏರಿ, ಕರಡದ ಹುಲ್ಲಿನ ಅಥವಾ ಹಾಳೆಯ ಕೊಟ್ಟೆಯನ್ನು ಪ್ರತಿ ಗೊನೆಗೂ ಕಟ್ಟಿ ಮಳೆಯ ನೀರು ತಾಗದಂತೆ ಮಾಡುವುದು. ಸಾವಿರಾರು ಮರಗಳಿಗೆ ಕೊಟ್ಟೆ ಕಟ್ಟುವ ಶ್ರಮ, ಖರ್ಚು, ಅಪಾಯಗಳನ್ನು ಊಹಿಸಿಕೊಳ್ಳಬಹುದು.

ಕೋಲ್ಮನ್ ರೋಗಪೀಡಿತ ತೋಟಗಳಿಗೆ ಹೋದರು. ರೋಗದ ಮೂಲ ಫೈಟಾಫ್ತರಾ ಎಂಬ ಶಿಲೀಂಧ್ರದಂತಹ ಜೀವಿ ಎಂಬುದನ್ನು ಗುರುತಿಸಿದರು. ಇದು ನೀರನ್ನು ನೆಚ್ಚಿದ ಜೀವಿ. ಮಳೆಹನಿಯೇ ಇದರ ವಾಹನ. ಐರ್ಲೆಂಡಿನಲ್ಲಿ 1840ರ ದಶಕದಲ್ಲಿ ಆಲೂಗಡ್ಡೆಯನ್ನು ಕೊಳೆಸಿ ಮಹಾಕ್ಷಾಮ ತಂದ ಅಂಗಮಾರಿಯೂ ಇದೇ ಕುಲಕ್ಕೆ ಸೇರಿದ್ದು. ಹಾಸನದ ಆಲೂಗಡ್ಡೆ ಬೆಳೆಗಾರರು ಇಂದಿಗೂ ಹೆದರುವುದು ಅದಕ್ಕೇ. 1910ರಲ್ಲಿ ಕೋಲ್ಮನ್ ತಮ್ಮ ಸಂಶೋಧನೆಯನ್ನು ಇಲಾಖೆಯ ಪ್ರಕಟಣೆಯಾಗಿ ಹೊರತಂದರು.

ಮದ್ದು ಅವರ ಸ್ವಂತ ಆವಿಷ್ಕಾರವೇನಲ್ಲ. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ ದ್ರಾಕ್ಷಿತೋಟಗಳಲ್ಲಿ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ ಬೂಷ್ಟುರೋಗವನ್ನು ತಡೆಯುತ್ತದೆ ಎಂಬುದನ್ನು ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಜಗತ್ತಿಗೆ ತಿಳಿಸಿದ್ದರು. ಆದರೆ ಆಳೆತ್ತರದ ದ್ರಾಕ್ಷಿಬಳ್ಳಿಗೆ ಸಿಂಪಡಿಸುವುದು ಬೇರೆ. ಬಿಡುವಿಲ್ಲದ ಮಳೆಯಲ್ಲಿ, ನಲವತ್ತು ಐವತ್ತು ಅಡಿ ಎತ್ತರದ ಅಡಿಕೆ ಮರದ ಗೊನೆಗೆ ಅದನ್ನು ತಲುಪಿಸಿ ಅಂಟಿಸುವುದು ಬೇರೆ. ಕೋಲ್ಮನ್ ಮಾಡಿದ ಕೆಲಸ ಇಲ್ಲಿದೆ. ಮಳೆಗಾಲಕ್ಕೆ ಮೊದಲೇ ಒಂದು ಸಲ, ಮಳೆಯ ನಡುವೆ ಇನ್ನೊಂದು ಸಲ ಸಿಂಪಡಿಸುವ ಕ್ರಮ ರೂಢಿಗೆ ಬಂತು. ದ್ರಾವಣ ತೊಳೆದುಹೋಗದಿರಲೆಂದು ರಾಳ ಮತ್ತು ಸೋಡಾ ಬೆರೆಸುವ ಪದ್ಧತಿಯೂ ಬಳಕೆಗೆ ಬಂತು. ಇಂದು ಮಲೆನಾಡಿನ ಮಕ್ಕಳಿಗೂ ಬಾಯಿಪಾಠವಾಗಿರುವ ಲೆಕ್ಕ, ಅಂದರೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು, ಆ ಪರಂಪರೆಯ ಮುಂದುವರಿಕೆಯೇ ಆಗಿದೆ.

ರೈತರು ಮೊದಲಿಗೆ ನಂಬಲಿಲ್ಲ ಎಂದರೆ ಅಚ್ಚರಿಪಡಬೇಕಾಗಿಲ್ಲ. ತಿನ್ನುವ ಅಡಿಕೆಗೆ ವಿಷದ ಬಣ್ಣದ ನೀರು ಹೊಡೆಯುವುದನ್ನು ಯಾರು ತಾನೇ ಒಪ್ಪಿಯಾರು? ಆದೇಶ ಹೊರಡಿಸಿ ಸಿಂಪಡಣೆಯನ್ನು ಕಡ್ಡಾಯ ಮಾಡುವ ಸುಲಭದ ದಾರಿಯನ್ನು ಕೋಲ್ಮನ್ ಹಿಡಿಯಲಿಲ್ಲ. ರೈತರ ತೋಟಗಳಲ್ಲೇ ಪ್ರಾತ್ಯಕ್ಷಿಕೆ ನಡೆಸಿದರು. ಸಿಂಪಡಿಸಿದ ಮರವನ್ನೂ ಸಿಂಪಡಿಸದ ಮರವನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿ, ಮಳೆಗಾಲ ಮುಗಿಯುವವರೆಗೆ ಕಾದರು. ತೀರ್ಪು ಕೊಟ್ಟದ್ದು ಗೊನೆಗಳು. ಕೆಲವೇ ವರ್ಷಗಳಲ್ಲಿ ಕೈಪಂಪುಗಳು ಮಲೆನಾಡಿನ ಅಡಿಕೆ ಸೀಮೆಯ ತುಂಬ ಹರಡಿದವು.

ಕಟ್ಟಿ ಬೆಳೆಸಿದ ಸಂಸ್ಥೆಗಳು

ಸರ್ ಎಂ. ವಿಶ್ವೇಶ್ವರಯ್ಯನವರು 1912ರ ಕೊನೆಯಲ್ಲಿ ದಿವಾನರಾದ ಬೆನ್ನಲ್ಲೇ ಸಂಸ್ಥಾನದ ಕೃಷಿ ಇಲಾಖೆ ಹೊಸ ರೂಪ ತಳೆಯಿತು. ಅದರ ಪ್ರಥಮ ನಿರ್ದೇಶಕರಾಗಿ ಕೋಲ್ಮನ್ ನೇಮಕಗೊಂಡರು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. ಅದೇ ಶಾಲೆ 1946ರಲ್ಲಿ ಕಾಲೇಜಾಗಿ, 1964ರಲ್ಲಿ ಕೃಷಿ ವಿಶ್ವವಿದ್ಯಾಲಯದ ತೊಟ್ಟಿಲಾಯಿತು. ಬೆಂಗಳೂರಿನ ಹೆಬ್ಬಾಳ ಮೇಲ್ಸೇತುವೆಯ ಮೇಲೆ ನಿತ್ಯವೂ ಸಂಚಾರ ದಟ್ಟಣೆಯಲ್ಲಿ ಸಿಲುಕುವ ನಗರವಾಸಿಗಳಿಗೆ, ತಾವು ಹಾದುಹೋಗುತ್ತಿರುವುದು ಮೈಸೂರು ಸೀಮೆಯ ರಾಗಿ, ಕಬ್ಬು, ಭತ್ತದ ತಳಿಗಳ ಪ್ರಯೋಗಭೂಮಿಯ ಪಕ್ಕದಲ್ಲಿ ಎಂಬುದು ತಿಳಿದಿರಲಿಕ್ಕಿಲ್ಲ.

ತಮ್ಮ ಸುತ್ತ ಸಮರ್ಥರ ಪಡೆಯನ್ನು ಕಟ್ಟಿದ್ದು ಕೋಲ್ಮನ್ ಅವರ ಇನ್ನೊಂದು ಸಾಧನೆ. ಕೀಟಶಾಸ್ತ್ರದಲ್ಲಿ ಕೆ. ಕುಂಞಿಕಣ್ಣನ್, ಸಸ್ಯರೋಗ ವಿಜ್ಞಾನದಲ್ಲಿ ಎಂ.ಜೆ. ನರಸಿಂಹನ್, ಬೇಸಾಯ ಶಾಸ್ತ್ರದಲ್ಲಿ ಎ.ಕೆ. ಯಜ್ಞನಾರಾಯಣ ಅಯ್ಯರ್ ಮೊದಲಾದವರು ಆ ತಲೆಮಾರಿನ ಹೆಸರುಗಳು. ಮುಂದೆ ಇಲಾಖೆಯ ಚುಕ್ಕಾಣಿ ಹಿಡಿದವರು ಈ ಪಡೆಯಿಂದಲೇ ಬಂದರು.

ಮೈಸೂರು ಕೃಷಿ ಪ್ರಯೋಗ ಸಂಘದ ಸಂಗತಿಯೂ ಇಲ್ಲಿ ಉಲ್ಲೇಖಾರ್ಹ. ಒಂಟಾರಿಯೋದಲ್ಲಿ ರೈತರೇ ತಮ್ಮ ಹೊಲಗಳಲ್ಲಿ ಪ್ರಯೋಗ ನಡೆಸುವ ಸಂಘವೊಂದಿತ್ತು. ಅದೇ ಬಗೆಯ ಸಂಘ ಕೋಲ್ಮನ್ ಅವರ ಕಾಲದಲ್ಲಿ ಮೈಸೂರಿನಲ್ಲೂ ತಲೆಯೆತ್ತಿ, ತನ್ನದೇ ಪತ್ರಿಕೆಯನ್ನೂ ನಡೆಸಿತು. ಪ್ರಯೋಗಶಾಲೆಯ ಮಾತು ಹೊಲದಲ್ಲಿ ನಿಜವಾಗದಿದ್ದರೆ ಅದಕ್ಕೆ ಬೆಲೆಯಿಲ್ಲ ಎಂಬುದು ಈ ಸಂಘದ ಹಿಂದಿದ್ದ ತತ್ತ್ವ.

ಕಾಫಿ ಬೆಳೆಗಾರರೂ ಕೋಲ್ಮನ್ ಅವರಿಗೆ ಋಣಿಗಳು. ಎಲೆತುಕ್ಕು ರೋಗದ ಹಾವಳಿಯಿಂದ ಕಂಗೆಟ್ಟಿದ್ದ ಕಾಫಿ ಸೀಮೆಗೆ ಸ್ವಂತದ ಸಂಶೋಧನಾ ಕೇಂದ್ರ ಬೇಕೆಂಬ ಕೂಗಿತ್ತು. 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕ ಕೇಂದ್ರ ತೆರೆಯಿತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಸ್ಥಾಪನೆಯಾಯಿತು. ಮಂಜರಾಬಾದಿನ ಹಳೆಯ ಎಸ್ಟೇಟ್‌ಗಳಿಂದ ಹಿಡಿದು ಕೆ. ಹೊಸಕೋಟೆ ಹೋಬಳಿಯ ಎರಡು ಎಕರೆಯ ಹಿಡುವಳಿಯವರೆಗೆ ಇಂದು ಕಾಣುವ ಅರೇಬಿಕಾ ಗಿಡಗಳಲ್ಲಿ ಬಹುಪಾಲಿನ ವಂಶಾವಳಿ ಆ ಕೇಂದ್ರದ ಪ್ರಯೋಗ ತಾಕುಗಳನ್ನು ಮುಟ್ಟುತ್ತದೆ.

ಮಂಡ್ಯದ ಬಯಲಿಗೆ ಸಿಹಿ

ಬಯಲುಸೀಮೆಯಲ್ಲಿ ಕೋಲ್ಮನ್ ಅವರ ಹೆಸರು ನಿಂತಿರುವುದು ಕಬ್ಬಿನೊಂದಿಗೆ. ಕನ್ನಂಬಾಡಿಯಲ್ಲಿ 1911ರಲ್ಲಿ ಆರಂಭವಾದ ಅಣೆಕಟ್ಟು ಎರಡು ದಶಕಗಳ ತರುವಾಯ ಪೂರ್ಣಗೊಂಡು, ಇಂದು ವಿಶ್ವೇಶ್ವರಯ್ಯ ನಾಲೆ ಎಂದು ಕರೆಯುವ ಅಂದಿನ ಇರ್ವಿನ್ ನಾಲೆಯಲ್ಲಿ ನೀರು ಹರಿಯಿತು. ಒಣಭೂಮಿಗೆ ನೀರು ಬಂದ ಮಾತ್ರಕ್ಕೆ ರೈತನ ಮನೆಗೆ ಹಣ ಬರುವುದಿಲ್ಲ. ಏನು ಬೆಳೆಯಬೇಕು, ಬೆಳೆದದ್ದನ್ನು ಯಾರು ಕೊಳ್ಳಬೇಕು ಎಂಬ ಪ್ರಶ್ನೆಗಳು ಎದುರಾದವು. ಹೆಬ್ಬಾಳದಲ್ಲಿ ಕಬ್ಬಿನ ತಳಿಗಳ ಮೇಲೆ ಹಲವು ವರ್ಷ ಕೆಲಸ ಮಾಡಿಸಿದ್ದ ಕೋಲ್ಮನ್ ಅವರ ಬಳಿ ಉತ್ತರ ಸಿದ್ಧವಿತ್ತು. 1931ರಲ್ಲಿ ಮಂಡ್ಯದ ಬಳಿ, ಇಂದು ವಿ.ಸಿ. ಫಾರಂ ಎಂದು ಪ್ರಸಿದ್ಧವಾಗಿರುವ ಕೃಷಿಕ್ಷೇತ್ರ ತಲೆಯೆತ್ತಿತು.

ಮುಂದಿನ ಹೆಜ್ಜೆ ಕಾರ್ಖಾನೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆ, ಸರ್ ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿಯ ಕಾಲವದು. ಸರ್ಕಾರದ ಬಂಡವಾಳದೊಂದಿಗೆ ಜನರ ಷೇರುಗಳನ್ನೂ ಕೂಡಿಸಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1934ರಲ್ಲಿ ಮಂಡ್ಯದ ಕಾರ್ಖಾನೆ ಕಬ್ಬು ಅರೆಯತೊಡಗಿತು. ಈ ಯೋಜನೆಯ ರೂವಾರಿ ಎಂದು ಮಂಡ್ಯದ ಜನ ಇಂದಿಗೂ ನೆನೆಯುವುದು ಕೋಲ್ಮನ್ ಅವರನ್ನು. ರಾಗಿ ತಿಂದು ಬದುಕುತ್ತಿದ್ದ ಊರು ಸಕ್ಕರೆ ನಾಡಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಮೈಷುಗರ್ ಎಂದೇ ಖ್ಯಾತವಾದ ಆ ಕಾರ್ಖಾನೆ ಏಳುಬೀಳುಗಳನ್ನು ಕಂಡು, ಕೆಲ ವರ್ಷ ಸ್ಥಗಿತಗೊಂಡು, 2022ರಲ್ಲಿ ಮತ್ತೆ ಚಾಲನೆ ಪಡೆದದ್ದು ಓದುಗರಿಗೆ ನೆನಪಿದ್ದೀತು.

ಕಾರ್ಖಾನೆ ಹೊಗೆಯಾಡಲು ಆರಂಭಿಸಿದ ವರ್ಷವೇ, ಅಂದರೆ 1934ರಲ್ಲಿ, ಕೋಲ್ಮನ್ ಸಂಸ್ಥಾನದ ಸೇವೆಯಿಂದ ನಿವೃತ್ತರಾದರು. ಕಾಲು ಶತಮಾನ ದಾಟಿದ ಸೇವೆಯದು. ಬ್ರಿಟಿಷ್ ಸರ್ಕಾರ ಅವರಿಗೆ ಸಿ.ಐ.ಇ. ಗೌರವ ನೀಡಿತ್ತು. ಕೆನಡಾಕ್ಕೆ ಮರಳಿದ ಮೇಲೂ ಅವರು ಕೈಕಟ್ಟಿ ಕೂರಲಿಲ್ಲ. ಸಸ್ಯಗಳ ವೈರಾಣು ರೋಗಗಳ ಅಧ್ಯಯನದಲ್ಲಿ ತೊಡಗಿಕೊಂಡರು. 1954ರ ಸೆಪ್ಟೆಂಬರ್ 14ರಂದು ನಿಧನರಾದಾಗ ಅವರಿಗೆ 76 ವರ್ಷ ವಯಸ್ಸಾಗಿತ್ತು.

ಕಾಕಂಬಿಯಿಂದ ಮೋಟಾರಿಗೆ

ಕೋಲ್ಮನ್ ಹೊರಟುಹೋದರೂ ಅವರು ನೆಟ್ಟದ್ದು ಬೆಳೆಯುತ್ತಲೇ ಇತ್ತು. ಕಬ್ಬಿನ ಹಾಲು ಕುದಿಸಿ ಸಕ್ಕರೆ ಹರಳು ತೆಗೆದ ಮೇಲೆ ಉಳಿಯುವ ಕಪ್ಪು ಮಂದ್ರವವೇ ಕಾಕಂಬಿ. ಅದನ್ನು ಚೆಲ್ಲಿದರೆ ನಾರುತ್ತದೆ, ಹೊಳೆಗೆ ಬಿಟ್ಟರೆ ನೀರು ಕೆಡುತ್ತದೆ. ಆದರೆ ಅದಕ್ಕೆ ಯೀಸ್ಟ್ ಬೆರೆಸಿ ಹುಳಿಸಿ ಭಟ್ಟಿ ಇಳಿಸಿದರೆ ಮದ್ಯಸಾರ ದೊರೆಯುತ್ತದೆ. ಸಾಮಾನ್ಯ ಭಟ್ಟಿಯಲ್ಲಿ ಮದ್ಯಸಾರದ ಸಾಂದ್ರತೆ ಶೇ. 95ರ ಆಸುಪಾಸಿಗೆ ಬಂದು ನಿಂತುಬಿಡುತ್ತದೆ. ಉಳಿದ ನೀರನ್ನೂ ವಿಶೇಷ ಕ್ರಮದಿಂದ ತೆಗೆದು ಶೇ. 99.5ಕ್ಕೆ ಏರಿಸಿದರೆ ಅದು ಪೆಟ್ರೋಲಿನೊಂದಿಗೆ ಬೆರೆಯುವ ಇಂಧನವಾಗುತ್ತದೆ. ಅಂದು ಅದಕ್ಕಿದ್ದ ಹೆಸರು ಪವರ್ ಆಲ್ಕೋಹಾಲ್.

1930ರ ದಶಕದ ಕೊನೆಯಲ್ಲಿ ಮಂಡ್ಯ ಈ ಪವರ್ ಆಲ್ಕೋಹಾಲ್ ತಯಾರಿಕೆಗೆ ಕೈಹಾಕಿತು. ಭಾರತದಲ್ಲಿ ಈ ದಾರಿ ತುಳಿದ ಮೊದಲಿಗರಲ್ಲಿ ಮೈಸೂರು ಸಂಸ್ಥಾನವೂ ಒಂದು. ಎರಡನೇ ಮಹಾಯುದ್ಧ ಬಂದು ಪೆಟ್ರೋಲಿಗೆ ಪಡಿತರ ಬಿದ್ದಾಗ, ಇದ್ದಿಲಿನ ಗ್ಯಾಸ್‌ನಿಂದ ಬಸ್ಸು ಓಡಿಸುತ್ತಿದ್ದ ಆ ದಿನಗಳಲ್ಲಿ, ಕಾಕಂಬಿಯ ಮದ್ಯಸಾರಕ್ಕೆ ಎಲ್ಲಿಲ್ಲದ ಬೆಲೆ ಬಂತು. ಸ್ವಾತಂತ್ರ್ಯಾನಂತರ 1948ರಲ್ಲಿ ಭಾರತ ಸರ್ಕಾರ ಪವರ್ ಆಲ್ಕೋಹಾಲ್ ಕಾಯ್ದೆಯನ್ನೇ ಮಾಡಿತು. ಅಗ್ಗದ ಕಚ್ಚಾತೈಲದ ಕಾಲ ಬಂದಾಗ ಆ ಕಾಯ್ದೆ ಮೂಲೆ ಸೇರಿ, 2000ದಲ್ಲಿ ರದ್ದಾಯಿತು.

ರದ್ದಾದ ಮೂರನೆಯ ವರ್ಷಕ್ಕೇ ಹಳೆಯ ಆಲೋಚನೆ ಹೊಸ ಹೆಸರಿನಲ್ಲಿ ಮರಳಿತು. 2003ರ ಜನವರಿಯಿಂದ ಕರ್ನಾಟಕವೂ ಸೇರಿದಂತೆ ಒಂಬತ್ತು ರಾಜ್ಯಗಳಲ್ಲಿ ಪೆಟ್ರೋಲಿಗೆ ಶೇ. 5ರಷ್ಟು ಎಥೆನಾಲ್ ಬೆರೆಸುವ ನಿರ್ಧಾರ ಜಾರಿಗೆ ಬಂತು. ದೇಶದ ಸರಾಸರಿ ಮಿಶ್ರಣ 2022ರಲ್ಲಿ ಶೇ. 10 ಮುಟ್ಟಿತು. ಶೇ. 20ರ ಮಿಶ್ರಣವುಳ್ಳ ಇ-20 ಪೆಟ್ರೋಲಿಗೆ 2023ರ ಫೆಬ್ರುವರಿ 6ರಂದು ಚಾಲನೆ ದೊರೆತದ್ದು ಬೆಂಗಳೂರಿನಲ್ಲೇ. 2025ರಲ್ಲಿ ಶೇ. 20ರ ಗುರಿ ಕೈಗೂಡಿತು. ಕಾಕಂಬಿ ಮಾತ್ರವಲ್ಲದೆ ಕಬ್ಬಿನ ಹಾಲು, ಮೆಕ್ಕೆಜೋಳ, ಅಕ್ಕಿಗಳಿಂದಲೂ ಎಥೆನಾಲ್ ತಯಾರಾಗುತ್ತಿದೆ. ವಿದೇಶಿ ವಿನಿಮಯದ ಉಳಿತಾಯ, ಕಬ್ಬು ಬೆಳೆಗಾರರ ಬಾಕಿ ಪಾವತಿಗೆ ನೆರವು ಇವು ಈ ಯೋಜನೆಯ ನಿಜವಾದ ಲಾಭಗಳು. ಅದನ್ನು ಅಲ್ಲಗಳೆಯುವಂತಿಲ್ಲ.

ಸಣ್ಣ ಎಂಜಿನ್‌ನ ಸಂಕಟ

ಲಾಭದ ಲೆಕ್ಕದಲ್ಲಿ ಸಣ್ಣ ಎಂಜಿನ್‌ಗಳಿಗೆ ಮಾತ್ರ ಜಾಗ ಸಿಕ್ಕಿಲ್ಲ. ಎಥೆನಾಲ್‌ನ ಸ್ವಭಾವ ನೀರನ್ನು ಸೆಳೆಯುವುದು. ಶುದ್ಧ ಪೆಟ್ರೋಲ್ ನೀರನ್ನು ಹತ್ತಿರ ಸೇರಿಸುವುದಿಲ್ಲ. ಎಥೆನಾಲ್ ಸೇರಿದ ಪೆಟ್ರೋಲ್ ಒಂದು ಮಿತಿಯವರೆಗೆ ನೀರನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಮಿತಿ ಮೀರಿದ ಕೂಡಲೇ ಎಥೆನಾಲ್ ಮತ್ತು ನೀರು ಜೊತೆಯಾಗಿ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ. ಇಂಧನ ಹೀರುವ ಕೊಳವೆಯ ಬಾಯಿ ಇರುವುದೂ ಅಲ್ಲಿಯೇ. ನಿತ್ಯ ಓಡುವ ಕಾರು, ಬೈಕುಗಳಲ್ಲಿ ಪೆಟ್ರೋಲ್ ಕೆಲ ದಿನಗಳಲ್ಲೇ ಖರ್ಚಾಗುವುದರಿಂದ ಈ ತೊಂದರೆ ಅಪರೂಪ. ವರ್ಷಕ್ಕೆ ಹತ್ತಿಪ್ಪತ್ತು ದಿನ ಮಾತ್ರ ದುಡಿಯುವ ಸ್ಪ್ರೇಯರ್‌ಗೆ, ಅದೂ ಗೋಡೆಯೇ ಬೆವರುವ ಮಲೆನಾಡಿನ ಮಳೆಗಾಲದಲ್ಲಿ, ಅದು ಅಪರೂಪವಲ್ಲ.

ಇನ್ನೂ ಎರಡು ಕಾರಣಗಳುಂಟು. ಎಥೆನಾಲ್‌ನ ತೂಕದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಆಮ್ಲಜನಕವಿದೆ. ಪೆಟ್ರೋಲಿಗೆಂದು ಹದಗೊಳಿಸಿದ ಕಾರ್ಬ್ಯುರೇಟರಿಗೆ ಇದು ಗಾಳಿ ಹೆಚ್ಚಾಗಿ ಇಂಧನ ಕಡಿಮೆಯಾದಂತೆ. ಗಾಳಿಯಿಂದಲೇ ತಣಿಯುವ ಟೂ ಸ್ಟ್ರೋಕ್ ಎಂಜಿನ್ ಆಗ ಕಾವೇರುತ್ತದೆ. ಕಾರಿನಲ್ಲಿರುವಂತೆ ಮಿಶ್ರಣವನ್ನು ತಾನೇ ತಿದ್ದಿಕೊಳ್ಳುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇಲ್ಲಿಲ್ಲ. ಜೊತೆಗೆ, ಎಥೆನಾಲ್‌ಗೆಂದು ರೂಪಿಸದ ರಬ್ಬರ್ ಕೊಳವೆ ಮತ್ತು ಪೊರೆಗಳು ಉಬ್ಬಿ ಮೆತ್ತಗಾಗುತ್ತವೆ. ಇಂತಹ ಯಂತ್ರಗಳ ಅನೇಕ ತಯಾರಕರು ತಮ್ಮ ಕೈಪಿಡಿಗಳಲ್ಲಿ ಶೇ. 10ಕ್ಕಿಂತ ಹೆಚ್ಚು ಎಥೆನಾಲ್ ಇರುವ ಪೆಟ್ರೋಲ್ ಬಳಸಬಾರದೆಂದು ಎಚ್ಚರಿಸಿರುವುದು ಇದೇ ಕಾರಣಕ್ಕೆ.

ದೋಣಿಗಳದ್ದೂ ಇದೇ ಕಥೆ. ನೀರಿನ ಮೇಲೆಯೇ ಬಾಳುವ ಪೆಟ್ರೋಲ್ ಎಂಜಿನ್‌ಗೆ ನೀರು ಸೆಳೆಯುವ ಇಂಧನ ಒಗ್ಗುವುದು ಕಷ್ಟ. ಅಮೆರಿಕದಲ್ಲಿ ದೋಣಿ ಮತ್ತು ಸಣ್ಣ ಯಂತ್ರಗಳಿಗೆಂದೇ ಎಥೆನಾಲ್ ಇಲ್ಲದ ಪೆಟ್ರೋಲನ್ನು ಹಲವು ಬಂಕ್‌ಗಳು ಪ್ರತ್ಯೇಕವಾಗಿ ಮಾರುತ್ತವೆ. ನಮ್ಮ ಕರಾವಳಿಯ ನಾಡದೋಣಿಗಳ ಎಂಜಿನ್‌ಗಳು ಬಹುಪಾಲು ಸೀಮೆಎಣ್ಣೆಯನ್ನೇ ನೆಚ್ಚಿರುವುದರಿಂದ ಇಲ್ಲಿ ಈ ಕೂಗು ಇನ್ನೂ ಬಲವಾಗಿ ಎದ್ದಿಲ್ಲ.

ಎಥೆನಾಲ್ ಇಲ್ಲದ ಪೆಟ್ರೋಲಿನ ಆಯ್ಕೆಯೂ ಬಂಕ್‌ಗಳಲ್ಲಿರಲಿ ಎಂದು ಕೋರಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ವಾಹನಗಳಿಗೆ ದೊಡ್ಡ ಹಾನಿಯಿಲ್ಲ, ಹಳೆಯ ವಾಹನಗಳಲ್ಲಿ ಕೆಲವು ರಬ್ಬರ್ ಭಾಗಗಳನ್ನು ಬದಲಿಸಬೇಕಾದೀತು ಎಂಬುದು ಕೇಂದ್ರ ಪೆಟ್ರೋಲಿಯಂ ಸಚಿವಾಲಯ 2025ರಲ್ಲಿ ತಳೆದ ನಿಲುವು. ಆದರೆ ಆ ಚರ್ಚೆ ಬಹುತೇಕ ನಡೆದದ್ದು ಕಾರು ಮತ್ತು ಬೈಕುಗಳ ಸುತ್ತ. ಬೆನ್ನಿಗೇರುವ ಯಂತ್ರದ ಸುದ್ದಿ ನಗರದ ಕಿವಿಗೆ ಬೀಳುವುದು ಕಡಿಮೆ.

ಬೆಳೆಗಾರ ಸದ್ಯಕ್ಕೆ ಮಾಡಬಹುದಾದದ್ದು ಇಷ್ಟು. ಆಯಾ ದಿನಕ್ಕೆ ಬೇಕಾದಷ್ಟೇ ಪೆಟ್ರೋಲನ್ನು ಆಯಿಲ್ ಬೆರೆಸಿ ತಯಾರಿಸಬೇಕು. ಕ್ಯಾನಿನ ಮುಚ್ಚಳ ಬಿಗಿಯಾಗಿರಬೇಕು. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರಿನ ಕೊನೆಯ ಹನಿ ಉರಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ರಬ್ಬರ್ ಕೊಳವೆ ಮೆತ್ತಗಾಗಿದ್ದರೆ ಮಳೆಗಾಲಕ್ಕೆ ಮುನ್ನವೇ ಬದಲಿಸಬೇಕು. ಸಣ್ಣ ತೋಟವುಳ್ಳವರಿಗೆ ಬ್ಯಾಟರಿ ಚಾಲಿತ ಸ್ಪ್ರೇಯರ್ ಇನ್ನೊಂದು ದಾರಿ. ಗುಡ್ಡದ ಇಳಿಜಾರಿನ ದೊಡ್ಡ ತೋಟಕ್ಕೆ, ಎತ್ತರದ ಅಡಿಕೆ ಮರಕ್ಕೆ ಅದರ ಬಲ ಸಾಲದು.

ಉಳಿದ ಪಾಠ

ಕೋಲ್ಮನ್ ಇಂದು ಇದ್ದಿದ್ದರೆ ಎಥೆನಾಲ್ ಮಿಶ್ರಣವನ್ನು ವಿರೋಧಿಸುತ್ತಿದ್ದರೇ ಬೆಂಬಲಿಸುತ್ತಿದ್ದರೇ ಎಂದು ಊಹಿಸುವುದು ವ್ಯರ್ಥ. ಕಬ್ಬಿನ ರೈತನೂ ಅಡಿಕೆಯ ರೈತನೂ ಅವರಿಗೆ ಸಮಾನರಾಗಿದ್ದರು. ಒಬ್ಬನ ಲಾಭಕ್ಕಾಗಿ ಇನ್ನೊಬ್ಬ ನಷ್ಟ ಅನುಭವಿಸಬೇಕೆಂಬ ಲೆಕ್ಕ ಅವರ ಕೆಲಸದಲ್ಲಿ ಎಲ್ಲಿಯೂ ಕಾಣದು. ಅವರ ಕಾರ್ಯವಿಧಾನ ಮಾತ್ರ ಸ್ಪಷ್ಟವಾಗಿ ನಮ್ಮ ಮುಂದಿದೆ. ಹೊಸದನ್ನು ತರುವ ಮುನ್ನ ಅದನ್ನು ಬಳಸುವವನ ತೋಟಕ್ಕೆ ಹೋಗಬೇಕು. ಅಲ್ಲಿಯ ಮಳೆಯಲ್ಲಿ, ಅಲ್ಲಿಯ ಮರದ ಮೇಲೆ ಪರೀಕ್ಷಿಸಬೇಕು. ಫಲಿತಾಂಶ ಅವನ ಕಣ್ಣಿಗೆ ಕಾಣಬೇಕು.

ಇ-20 ಪೆಟ್ರೋಲ್ ಮಲೆನಾಡಿನ ಸ್ಪ್ರೇಯರ್‌ಗಳಿಗೆ ಹೊಂದುತ್ತದೆಯೇ ಎಂದು ಅಕ್ಕಪಕ್ಕದಲ್ಲಿ ಎರಡು ಯಂತ್ರಗಳನ್ನಿಟ್ಟು ಒಂದು ಮಳೆಗಾಲ ನಡೆಸಿ ನೋಡುವುದು ದುಬಾರಿ ಕೆಲಸವಲ್ಲ. ಅದಕ್ಕೆ ಬೇಕಾದ ಕೃಷಿ ವಿಶ್ವವಿದ್ಯಾಲಯ, ಕಾಫಿ ಸಂಶೋಧನಾ ಕೇಂದ್ರಗಳನ್ನು ಕೋಲ್ಮನ್ ಅವರ ತಲೆಮಾರು ಕಟ್ಟಿಟ್ಟು ಹೋಗಿದೆ. ಹೊಂದುವುದಾದರೆ ರೈತನ ಅಂಜಿಕೆ ದೂರವಾದೀತು. ಹೊಂದದಿದ್ದರೆ ತಾಲ್ಲೂಕಿಗೊಂದು ಬಂಕಿನಲ್ಲಾದರೂ ಎಥೆನಾಲ್ ಇಲ್ಲದ ಪೆಟ್ರೋಲ್ ಒದಗಿಸಬೇಕೆಂಬ ಬೇಡಿಕೆಗೆ ಗಟ್ಟಿ ಆಧಾರ ದೊರೆತೀತು.

ಮಂಡ್ಯದಲ್ಲಿ ಕೋಲ್ಮನ್ ಹೆಸರು ಸಕ್ಕರೆಯೊಂದಿಗೆ ಉಳಿದಿದೆ. ಕೆ. ಹೊಸಕೋಟೆಯ ತೋಟಗಳಲ್ಲಿ ಆ ಹೆಸರು ಬಲ್ಲವರು ವಿರಳ. ಆದರೂ ಪ್ರತಿ ಮಳೆಗಾಲದಲ್ಲಿ ಎಲೆಗಳ ಮೇಲೆ ಒಣಗಿ ನಿಲ್ಲುವ ನೀಲಿ ಕಲೆ ಅವರು ತೋರಿದ ದಾರಿಯ ಗುರುತೇ. ಮುಂದಿನ ಆರಿದ್ರಾ ಮಳೆಯ ಹೊತ್ತಿಗೆ ಆ ನೀಲಿ ಸಕಾಲಕ್ಕೆ ಗೊನೆ ತಲುಪುವಂತಾದರೆ ಅದೇ ಅವರಿಗೆ ಸಲ್ಲುವ ಗೌರವ.